ವಿಎಂ ಪದೇ ಪದೇ ಆಫ್ ಆಗುತ್ತಿದೆಯಾ? ಬಲ್ಬ್ ಹೋಯಿತೋ ಫ್ಯೂಸ್ ಹೋಯಿತೋ ಮೊದಲು ನೋಡಿ

ಜುಲೈ ತಿಂಗಳು. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವ ಗಡಿಬಿಡಿ. ಶಿವಮೊಗ್ಗದ ಒಂದು ಆಡಿಟರ್ ಆಫೀಸಿನಿಂದ ಬೆಳಿಗ್ಗೆ ಒಂಬತ್ತೂವರೆಗೆ ನನಗೆ ಫೋನ್ ಬಂತು. "ಸಾರ್, ಇವತ್ತೂ ಸರ್ವರ್ ಆಫ್ ಆಗಿದೆ. ನಿನ್ನೆ ಸಂಜೆ ನಾನೇ ನೋಡ್ಕೊಂಡು ಹೋಗಿದ್ದೆ, ಚೆನ್ನಾಗೇ ಇತ್ತು." ಆ ವಾರದಲ್ಲಿ ಅದು ಮೂರನೇ ಸಲ.

ಅಲ್ಲಿ ಇರುವುದು ಒಂದೇ ಮೆಷಿನ್. 32 ಜಿಬಿ ರ್‍ಯಾಮ್, ಎರಡು ಡಿಸ್ಕ್, ಮೇಲೆ ಲಿನಕ್ಸ್. ಅದರೊಳಗೆ ಮೂರು ವರ್ಚುವಲ್ ಮೆಷಿನ್‌ಗಳು, ಅಂದರೆ ವಿಎಂಗಳು. ಒಂದೇ ಮೆಷಿನ್ ಒಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ಓಡುವ ಸಿಸ್ಟಮ್‌ಗಳು ಇವು. ಲೆಕ್ಕಪತ್ರದ ಸಾಫ್ಟ್‌ವೇರ್ ಇರುವ ವಿಂಡೋಸ್ ಒಂದು, ಫೈಲ್ ಇಡುವ ಲಿನಕ್ಸ್ ಒಂದು, ಇನ್ನೊಂದು ಸಣ್ಣ ಪುಟ್ಟ ಕೆಲಸಕ್ಕೆ. ಪ್ರತಿ ಸಲ ಆಫ್ ಆಗುತ್ತಿದ್ದದ್ದು ವಿಂಡೋಸ್ ಇರುವ ವಿಎಂ ಮಾತ್ರ. ಉಳಿದೆರಡಕ್ಕೆ ಏನೂ ಆಗಿರಲಿಲ್ಲ. ಹಾಗಾಗಿ ಎಲ್ಲರ ಬೆರಳೂ ವಿಂಡೋಸ್ ಕಡೆಗೇ ತಿರುಗಿತ್ತು. ಅಪ್‌ಡೇಟ್ ತೆಗೆದು ನೋಡಿದ್ದರು. ಆಂಟಿವೈರಸ್ ತೆಗೆದಿದ್ದರು. ಪೂರ್ತಿ ಹೊಸದಾಗಿ ಇನ್‌ಸ್ಟಾಲ್ ಮಾಡೋಣ ಅನ್ನುವ ಮಾತೂ ಶುರುವಾಗಿತ್ತು.

ತಪ್ಪು ವಿಂಡೋಸ್‌ನದ್ದು ಆಗಿರಲಿಲ್ಲ. ಯಾರದ್ದು ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಇಂಥ ತೊಂದರೆಯನ್ನು ಹೇಗೆ ನೋಡಬೇಕು ಅನ್ನುವುದು ಮುಖ್ಯ. ವಿಎಂ ವಿಷಯದಲ್ಲಿ "ಕ್ರ್ಯಾಶ್ ಆಯ್ತು" ಅನ್ನುವ ಒಂದೇ ಮಾತಿನ ಹಿಂದೆ ನಾಲ್ಕೈದು ಬೇರೆ ಬೇರೆ ಸಂಗತಿಗಳಿರುತ್ತವೆ. ಯಾವುದು ಅಂತ ಗೊತ್ತಾಗುವ ಮೊದಲೇ ರಿಪೇರಿಗೆ ಇಳಿದರೆ ವಾರಗಟ್ಟಲೆ ಹಾಳು.

ವಠಾರದ ಲೆಕ್ಕ

ವಠಾರ ಗೊತ್ತಲ್ವಾ? ಒಂದೇ ಆವರಣ, ಸಾಲಾಗಿ ಸಣ್ಣ ಮನೆಗಳು, ಒಂದೇ ನೀರಿನ ಟ್ಯಾಂಕು, ಒಂದೇ ಕರೆಂಟ್ ಲೈನು. ಪ್ರತಿ ಮನೆಗೂ ತನ್ನದೇ ಬಾಗಿಲು, ತನ್ನದೇ ಒಲೆ. ಆದರೆ ನೀರು, ಕರೆಂಟು ಬರುವುದು ಮಾಲೀಕರ ಕಡೆಯಿಂದ.

ವಿಎಂ ವ್ಯವಸ್ಥೆಯೂ ಹಾಗೆಯೇ. ನಿಜವಾದ ಮೆಷಿನ್‌ಗೆ ಹೋಸ್ಟ್ ಅನ್ನುತ್ತಾರೆ. ಅದು ವಠಾರ. ಒಳಗೆ ಓಡುವ ಪ್ರತಿ ಸಿಸ್ಟಮ್‌ಗೆ ಗೆಸ್ಟ್ ಅನ್ನುತ್ತಾರೆ. ಅದು ಬಾಡಿಗೆ ಮನೆ. ಯಾರಿಗೆ ಎಷ್ಟು ರ್‍ಯಾಮ್, ಎಷ್ಟು ಸಿಪಿಯು ಅಂತ ಹಂಚುವುದು ಹೈಪರ್‌ವೈಸರ್. ಕೆವಿಎಂ, ಹೈಪರ್-ವಿ, ವಿಎಂವೇರ್, ವರ್ಚುವಲ್‌ಬಾಕ್ಸ್ ಎಲ್ಲವೂ ಮಾಡುವುದು ಇದೇ ಕೆಲಸ. ಗೆಸ್ಟ್‌ಗೆ ತಾನು ಇರುವುದು ವಠಾರದಲ್ಲಿ ಅಂತ ಹೆಚ್ಚು ಕಡಿಮೆ ಗೊತ್ತೇ ಇರುವುದಿಲ್ಲ. ತನ್ನದೇ ಸ್ವಂತ ಮನೆ ಅಂದುಕೊಂಡು ಓಡುತ್ತಿರುತ್ತದೆ. ಹೋಸ್ಟ್ ಕಡೆಯಿಂದ ನೋಡಿದರೆ ಮಾತ್ರ ಆ ಇಡೀ ಮನೆ ಒಂದು ಸಾಮಾನ್ಯ ಪ್ರೋಸೆಸ್, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಂ, ಬ್ರೌಸರ್ ಇದ್ದ ಹಾಗೆ.

ಈಗ ರಾತ್ರಿ ಒಂದು ಮನೆ ಕತ್ತಲಾಯಿತು ಅಂದುಕೊಳ್ಳಿ. ನೀವು ಮೊದಲು ಏನು ನೋಡುತ್ತೀರಿ? ಬಲ್ಬ್ ಹೋಯಿತೋ, ಆ ಮನೆಯ ಫ್ಯೂಸ್ ಹೋಯಿತೋ, ಇಡೀ ವಠಾರಕ್ಕೇ ಕರೆಂಟ್ ಇಲ್ವೋ. ಪಕ್ಕದ ಮನೆ ಕಿಟಕಿ ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ವಿಎಂಗೂ ಇದೇ ಪ್ರಶ್ನೆ ಕೇಳಬೇಕು.

ಬಲ್ಬ್ ಹೋಗುವುದು ಅಂದರೆ ಗೆಸ್ಟ್ ಒಳಗಡೆಯೇ ಬೀಳುವುದು. ವಿಂಡೋಸ್ ಆದರೆ ನೀಲಿ ಪರದೆ, ಲಿನಕ್ಸ್ ಆದರೆ ಕರ್ನಲ್ ಪ್ಯಾನಿಕ್ (ಕರ್ನಲ್ ಅಂದರೆ ಸಿಸ್ಟಮ್‌ನ ತಿರುಳು). ಆಗ ಹೋಸ್ಟ್ ಕಣ್ಣಿಗೆ ವಿಎಂ ಇನ್ನೂ ಓಡುತ್ತಲೇ ಇರುತ್ತದೆ, ಅಥವಾ ತಾನಾಗಿಯೇ ರೀಸ್ಟಾರ್ಟ್ ಆಗಿರುತ್ತದೆ.

ಫ್ಯೂಸ್ ಹೋಗುವುದು ಅಂದರೆ ವಿಎಂ ಓಡಿಸುತ್ತಿದ್ದ ಪ್ರೋಸೆಸ್ಸೇ ಹೋಸ್ಟ್‌ನಲ್ಲಿ ಸಾಯುವುದು. ಗೆಸ್ಟ್‌ಗೆ ಸುಳಿವೇ ಇರುವುದಿಲ್ಲ. ಪ್ಲಗ್ ಕಿತ್ತ ಹಾಗೆ.

ವಠಾರಕ್ಕೇ ಕರೆಂಟ್ ಹೋದರೆ ಎಲ್ಲ ವಿಎಂಗಳೂ ಒಟ್ಟಿಗೆ ಬಿದ್ದಿರುತ್ತವೆ. ಹೋಸ್ಟ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಅಂತ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ನಲವತ್ತು ದಿನದಿಂದ ಓಡುತ್ತಿದ್ದರೆ ಹೋಸ್ಟ್ ಬಿದ್ದಿಲ್ಲ. ಇಪ್ಪತ್ತು ನಿಮಿಷ ಅಂದರೆ ಹೋಸ್ಟೇ ರೀಸ್ಟಾರ್ಟ್ ಆಗಿದೆ. ಆಗ ವಿಎಂ ಬಿಟ್ಟು ಕರೆಂಟ್, ಯುಪಿಎಸ್, ಬಿಸಿ, ರ್‍ಯಾಮ್ ಕಡೆ ನೋಡಬೇಕು.

ನಾಲ್ಕನೆಯದು ಜಾಸ್ತಿ ಜನ ಗಮನಿಸುವುದಿಲ್ಲ. ಯಾರೂ ಸತ್ತಿರುವುದಿಲ್ಲ. ವಿಎಂ ನಿಂತಲ್ಲೇ ನಿಂತಿರುತ್ತದೆ ಅಷ್ಟೇ. ಹೈಪರ್‌ವೈಸರ್ ಅದನ್ನು ಬೇಕಂತಲೇ ತಡೆದು ನಿಲ್ಲಿಸಿರುತ್ತದೆ. ಹೊರಗಿಂದ ನೋಡುವವರಿಗೆ ಅದೂ "ಕ್ರ್ಯಾಶ್".

ಸ್ಟಾರ್ಟ್ ಬಟನ್ ಒತ್ತುವ ಮೊದಲು

ವಿಎಂ ಬಿದ್ದ ತಕ್ಷಣ ಎಲ್ಲರ ಕೈ ಹೋಗುವುದು ಸ್ಟಾರ್ಟ್ ಬಟನ್ ಕಡೆಗೆ. ಕೆಲಸ ನಿಂತಿರುತ್ತದೆ, ಮೇಲಿನವರು ಕೇಳುತ್ತಿರುತ್ತಾರೆ, ಅರ್ಥವಾಗುತ್ತದೆ. ಆದರೂ ಎರಡು ನಿಮಿಷ ತಡೆಯಿರಿ. ವರ್ಚುವಲ್‌ಬಾಕ್ಸ್ ಪ್ರತಿ ವಿಎಂನ ಫೋಲ್ಡರ್ ಒಳಗೆ ಲಾಗ್ಸ್ ಅನ್ನುವ ಇನ್ನೊಂದು ಫೋಲ್ಡರ್ ಇಟ್ಟಿರುತ್ತದೆ. ಲಾಗ್ ಅಂದರೆ ಏನೇನಾಯಿತು ಅಂತ ಸಾಫ್ಟ್‌ವೇರ್ ತಾನೇ ಬರೆದಿಡುವ ದಿನಚರಿ. ಅಲ್ಲಿ ಈಗಿನ ಲಾಗ್ ಒಂದು, ಹಳೆಯವು ಮೂರು. ಡೀಫಾಲ್ಟ್ ಆಗಿ ಅಷ್ಟೇ. ವಿಎಂ ಹೊಸದಾಗಿ ಸ್ಟಾರ್ಟ್ ಮಾಡಿದಾಗಲೆಲ್ಲ ಅತಿ ಹಳೆಯದು ಅಳಿಸಿ ಹೋಗುತ್ತದೆ. ಅಂದರೆ ನೀವು ಗಾಬರಿಯಲ್ಲಿ ನಾಲ್ಕು ಸಲ ಸ್ಟಾರ್ಟ್ ಒತ್ತಿದರೆ ಮೊದಲ ಸಲ ಏನಾಯಿತು ಅನ್ನುವ ಸಾಕ್ಷಿ ಕೈ ಬಿಟ್ಟು ಹೋಯಿತು. ಸುಮ್ನೆ ಆ ಫೋಲ್ಡರ್ ಅನ್ನು ಬೇರೆ ಕಡೆ ಕಾಪಿ ಮಾಡಿಟ್ಟು ಆಮೇಲೆ ಸ್ಟಾರ್ಟ್ ಮಾಡಿ.

ವಿಎಂವೇರ್ ಕೂಡ ವಿಎಂನ ಫೋಲ್ಡರ್‌ನಲ್ಲೇ ತನ್ನ ಲಾಗ್ ಬರೆಯುತ್ತದೆ. ಲಿನಕ್ಸ್ ಹೋಸ್ಟ್‌ನಲ್ಲಿ ಲಿಬ್‌ವರ್ಟ್ (ವಿಎಂಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಬಳಸುತ್ತಿದ್ದರೆ ಲಾಗ್ ಡೈರೆಕ್ಟರಿಯ ಒಳಗೆ ಲಿಬ್‌ವರ್ಟ್, ಅದರೊಳಗೆ ಕ್ಯೂಎಮು (ವಿಎಂ ಓಡಿಸುವ ಪ್ರೋಗ್ರಾಂ), ಅಲ್ಲಿ ಪ್ರತಿ ವಿಎಂ ಹೆಸರಿನಲ್ಲಿ ಒಂದೊಂದು ಫೈಲ್. ಅದರ ಕೊನೆಯ ಸಾಲು ಓದಿ. "ಶಟಿಂಗ್ ಡೌನ್" ಅಂತ ಬರೆದು ಪಕ್ಕದಲ್ಲಿ ಕಾರಣ ಹೇಳಿರುತ್ತದೆ. ಕಾರಣ "ಶಟ್‌ಡೌನ್" ಅಂತಿದ್ದರೆ ಗೆಸ್ಟ್ ತಾನೇ ಮರ್ಯಾದೆಯಿಂದ ಆಫ್ ಆಗಿದೆ. "ಡಿಸ್ಟ್ರಾಯ್ಡ್" ಅಂದರೆ ಹೊರಗಿನಿಂದ ಆಫ್ ಮಾಡಿಸಿದ್ದು, ಒಬ್ಬ ಮನುಷ್ಯ ಅಥವಾ ಒಂದು ಸ್ಕ್ರಿಪ್ಟ್. "ಕ್ರ್ಯಾಶ್ಡ್" ಅಂದರೆ ಮಾತ್ರ ನಿಜವಾದ ಕ್ರ್ಯಾಶ್.

ಇನ್ನು ಗೆಸ್ಟ್ ಒಳಗಿನ ಲಾಗ್. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ 41 ಮತ್ತು 6008 ಅನ್ನುವ ನಂಬರ್‌ಗಳನ್ನು ನೋಡಿ ಜನ ಹೆದರುತ್ತಾರೆ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತ ಹೇಳುವುದಷ್ಟೇ ಅವುಗಳ ಕೆಲಸ. ಕಾರಣ ಅವುಗಳಿಗೂ ಗೊತ್ತಿಲ್ಲ. ಅದರ ಜೊತೆ 1001 ನಂಬರಿನ ಬಗ್‌ಚೆಕ್ ದಾಖಲೆ ಇದ್ದರೆ, ಅಥವಾ ವಿಂಡೋಸ್ ಫೋಲ್ಡರ್‌ನ ಮಿನಿಡಂಪ್ ಒಳಗೆ ಹೊಸ ಫೈಲ್ ಬಂದಿದ್ದರೆ, ಒಳಗೆ ನೀಲಿ ಪರದೆ ಬಂದಿತ್ತು ಅಂತ ಅರ್ಥ. ಬಲ್ಬ್ ಹೋಗಿದೆ.

ನಾನು ನೋಡುವ ಗುರುತು ಒಂದಿದೆ. ಗೆಸ್ಟ್ ಲಾಗ್‌ನ ಕೊನೆಯ ಸಾಲುಗಳಲ್ಲಿ ನರಳಾಟ ಕಾಣಿಸಿದರೆ ಕಾಯಿಲೆ ಒಳಗಿದೆ. ಏನೂ ದೂರಿಲ್ಲದೆ, ದಿನನಿತ್ಯದ ಸಾಲು ಬರೆಯುತ್ತಾ ಬರೆಯುತ್ತಾ ಮಧ್ಯದಲ್ಲೇ ಕಡಿದು ಹೋಗಿದ್ದರೆ ಪೆಟ್ಟು ಹೊರಗಿಂದ ಬಿದ್ದಿರುವ ಸಾಧ್ಯತೆಯೇ ಜಾಸ್ತಿ.

ಆ ಆಡಿಟರ್ ಆಫೀಸಿನ ವಿಂಡೋಸ್‌ನಲ್ಲಿ ಮಿನಿಡಂಪ್ ಒಂದೂ ಇರಲಿಲ್ಲ. ಮೂರು ದಿನವೂ ಲಾಗ್ ನಡುರಾತ್ರಿ ಕಡಿದು ಹೋಗಿತ್ತು. ಒಂದು ದಿನ 2:07ಕ್ಕೆ, ಒಂದು ದಿನ 2:14ಕ್ಕೆ, ಮತ್ತೊಂದು ದಿನ 2:11ಕ್ಕೆ.

ಈ ಸಮಯದ ವಿಷಯದಲ್ಲಿ ಹುಷಾರಾಗಿರಬೇಕು. ಅನೇಕ ಲಾಗ್‌ಗಳು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಬರೆಯುತ್ತವೆ. ನಮ್ಮ ರಾತ್ರಿ 2:10 ಅಂದರೆ ಅಲ್ಲಿ ಹಿಂದಿನ ದಿನದ 20:40. ಐದೂವರೆ ಗಂಟೆ ಕೂಡಿಸುವುದು ಮರೆತರೆ ತಪ್ಪು ದಿನದ ಲಾಗ್ ಓದುತ್ತಾ ಕೂರುತ್ತೀರಿ. ಗೆಸ್ಟ್ ಗಡಿಯಾರ, ಹೋಸ್ಟ್ ಗಡಿಯಾರ ಎರಡನ್ನೂ ಒಂದು ಕಾಗದದ ಮೇಲೆ ಪಕ್ಕಪಕ್ಕ ಬರೆದುಕೊಂಡರೆ ಆಮೇಲೆ ಗೊಂದಲವಿಲ್ಲ.

ಟ್ಯಾಂಕಿನಲ್ಲಿ ಇಲ್ಲದ ನೀರು

ನಾನು ಹೋಸ್ಟ್‌ನ ಕರ್ನಲ್ ಲಾಗ್ ತೆಗೆದು ರಾತ್ರಿ 2:07ಕ್ಕೆ ಹೋದೆ. ಅಲ್ಲಿ ಇತ್ತು: "ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್", ಮುಂದೆ ಒಂದು ನಂಬರ್, ಬ್ರ್ಯಾಕೆಟ್ ಒಳಗೆ ಆ ವಿಎಂ ಓಡಿಸುತ್ತಿದ್ದ ಪ್ರೋಸೆಸ್ ಹೆಸರು. ಮೂರು ರಾತ್ರಿಯೂ ಇದೇ ಸಾಲು.

ಇದು ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಮಾಡಿದ ಕೆಲಸ. ಲಿನಕ್ಸ್‌ನಲ್ಲಿ ರ್‍ಯಾಮ್ ಪೂರ್ತಿ ಖಾಲಿಯಾಗಿ, ಎಲ್ಲಿಂದಲೂ ಒಂದು ಚೂರು ಬಿಡಿಸಿಕೊಳ್ಳಲು ಆಗದಿದ್ದಾಗ, ಇಡೀ ಮೆಷಿನ್ ಸಾಯುವ ಬದಲು ಕರ್ನಲ್ ಒಂದು ಪ್ರೋಸೆಸ್ ಅನ್ನು ಆರಿಸಿ ಕೊಂದುಬಿಡುತ್ತದೆ. ಯಾರನ್ನು ಕೊಲ್ಲಬೇಕು ಅನ್ನುವುದಕ್ಕೆ ಪ್ರತಿ ಪ್ರೋಸೆಸ್‌ಗೂ ಒಂದು ಅಂಕ ಇರುತ್ತದೆ. ಹೆಚ್ಚು ರ್‍ಯಾಮ್ ಹಿಡಿದುಕೊಂಡವರಿಗೆ ಹೆಚ್ಚು ಅಂಕ. ವಿಎಂ ಓಡಿಸುವ ಹೋಸ್ಟ್‌ನಲ್ಲಿ ಅತಿ ದೊಡ್ಡ ಪ್ರೋಸೆಸ್ ಯಾವುದು? ವಿಎಂಗಳೇ. ಅದರಲ್ಲೂ ದೊಡ್ಡದು ಯಾವುದೋ ಅದು. ವಿಂಡೋಸ್ ಬೀಳುತ್ತಿದ್ದದ್ದು ಅದರಲ್ಲಿ ದೋಷವಿದ್ದದ್ದಕ್ಕಲ್ಲ. ಮೂವರಲ್ಲಿ ಅದೇ ದಪ್ಪಗಿತ್ತು.

ಲೆಕ್ಕ ಹಾಕೋಣ. ವಿಂಡೋಸ್‌ಗೆ 12 ಜಿಬಿ ಕೊಟ್ಟಿದ್ದರು. ಇನ್ನೆರಡಕ್ಕೆ 6 ಮತ್ತು 4. ಒಟ್ಟು 22. ಹೋಸ್ಟ್‌ಗೆ ತನ್ನ ಕೆಲಸಕ್ಕೆ 2 ಇಟ್ಟುಕೊಳ್ಳಿ, 24 ಆಯಿತು. 32ರಲ್ಲಿ ಇನ್ನೂ 8 ಜಿಬಿ ಮಿಕ್ಕಿದೆ. ಧಾರಾಳ ಅಲ್ವಾ? ಯಾರು ನೋಡಿದರೂ ಹಾಗೇ ಅನ್ನುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಆದರೆ ಆ ಮೆಷಿನ್‌ನ ಡಿಸ್ಕ್‌ಗಳಲ್ಲಿ ಜೆಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಇತ್ತು. ಅದು ಡಿಸ್ಕ್‌ನಿಂದ ಓದಿದ್ದನ್ನು ಮತ್ತೆ ಬೇಕಾಗಬಹುದು ಅಂತ ರ್‍ಯಾಮ್‌ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆ ಉಗ್ರಾಣಕ್ಕೆ ಎಆರ್‌ಸಿ ಅಂತ ಹೆಸರು. ಲಿನಕ್ಸ್‌ನಲ್ಲಿ ಬಹಳ ವರ್ಷ ಅದರ ಡೀಫಾಲ್ಟ್ ಮಿತಿ ಒಟ್ಟು ರ್‍ಯಾಮ್‌ನ ಅರ್ಧ ಇತ್ತು. ಈ ಮೆಷಿನ್‌ನಲ್ಲೂ ಅಷ್ಟೇ. 32ರಲ್ಲಿ ಅರ್ಧ 16. ಈಗ ಕೂಡಿಸಿ: 24ಕ್ಕೆ 16 ಸೇರಿದರೆ 40. ಟ್ಯಾಂಕಿನಲ್ಲಿ ಇರುವುದು 32.

ಹಾಗಾದರೆ ಹಗಲೆಲ್ಲ ಹೇಗೆ ಓಡುತ್ತಿತ್ತು? ಇಲ್ಲಿ ವಠಾರದ ನೀರಿನ ವಿಷಯ ಬರುತ್ತದೆ. ಗೆಸ್ಟ್‌ಗೆ 6 ಜಿಬಿ ಕೊಟ್ಟಿದ್ದೇವೆ ಅಂದರೆ ಹೋಸ್ಟ್ ಆ 6 ಜಿಬಿಯನ್ನು ಮೊದಲ ದಿನವೇ ಎತ್ತಿಡುವುದಿಲ್ಲ. ಗೆಸ್ಟ್ ಒಂದೊಂದು ಪುಟವನ್ನು (ರ್‍ಯಾಮ್‌ನ ಸಣ್ಣ ತುಂಡನ್ನು) ಮೊದಲ ಸಲ ಮುಟ್ಟಿದಾಗ ಮಾತ್ರ ನಿಜವಾದ ರ್‍ಯಾಮ್ ಕೊಡುತ್ತದೆ. ಎಲ್ಲ ಮನೆಯವರೂ ಒಂದೇ ಹೊತ್ತಿಗೆ ಕೊಡ ಹಿಡಿದು ಬರುವುದಿಲ್ಲ ಅನ್ನುವ ನಂಬಿಕೆ. ಲಿನಕ್ಸ್ ಗೆಸ್ಟ್‌ಗಳು ಹಗಲಲ್ಲಿ ತಮ್ಮ ಪಾಲಿನ ಅರ್ಧವನ್ನೂ ಮುಟ್ಟಿರಲಿಲ್ಲ. ವಿಂಡೋಸ್ ಹಾಗಲ್ಲ. ಅದು ಬೂಟ್ ಆಗುವಾಗಲೇ ಖಾಲಿ ಪುಟಗಳನ್ನು ಸೊನ್ನೆ ಬರೆದು ಶುಚಿ ಮಾಡುವುದರಿಂದ ಪೂರ್ತಿ 12 ಜಿಬಿಯನ್ನು ಮುಟ್ಟಿಬಿಡುತ್ತದೆ.

ರಾತ್ರಿ 2 ಗಂಟೆಗೆ ಬ್ಯಾಕಪ್ ಶುರು. ಬ್ಯಾಕಪ್ ಅಂದರೆ ಮೂರೂ ವಿಎಂಗಳ ಇಡೀ ಡಿಸ್ಕ್ ಓದುವುದು. ಓದಿದ್ದೆಲ್ಲ ಎಆರ್‌ಸಿಗೆ ಸೇರುತ್ತಾ ಹೋಗುತ್ತದೆ. ಅದೇ ಹೊತ್ತಿಗೆ ಲಿನಕ್ಸ್ ಗೆಸ್ಟ್‌ಗಳೂ ತಮ್ಮ ರಾತ್ರಿ ಕೆಲಸಕ್ಕೆ ಇಳಿದು ರ್‍ಯಾಮ್ ಕೇಳುತ್ತವೆ. ಬೇರೆಯವರಿಗೆ ಬೇಕಾದಾಗ ಎಆರ್‌ಸಿ ಜಾಗ ಬಿಟ್ಟುಕೊಡಬೇಕು, ಬಿಟ್ಟುಕೊಡುತ್ತದೆ ಕೂಡ. ಆದರೆ ಬೇಡಿಕೆ ಒಮ್ಮೆಗೇ ಏರಿದಾಗ ಅಷ್ಟು ಬೇಗ ಬಿಡುವುದಿಲ್ಲ. ಏಳರಿಂದ ಹದಿನಾಲ್ಕು ನಿಮಿಷದೊಳಗೆ ಟ್ಯಾಂಕ್ ಖಾಲಿ. ದಪ್ಪಗಿದ್ದವನ ಕುತ್ತಿಗೆಗೆ ಬಂತು.

ಸರಿಪಡಿಸಿದ್ದು ಒಂದೇ ಸಾಲಿನಲ್ಲಿ. ಜೆಡ್‌ಎಫ್‌ಎಸ್‌ನ ಸೆಟ್ಟಿಂಗ್‌ನಲ್ಲಿ ಎಆರ್‌ಸಿ ಗರಿಷ್ಠ ಮಿತಿಯನ್ನು 4 ಜಿಬಿ ಮಾಡಿದೆ. ಅಲ್ಲಿ ಅದನ್ನು ಬೈಟ್‌ನಲ್ಲಿ ಬರೆಯಬೇಕು: 4294967296. ಬೂಟ್ ಇಮೇಜ್ ಹೊಸದಾಗಿ ಕಟ್ಟಿ ಹೋಸ್ಟ್ ರೀಸ್ಟಾರ್ಟ್ ಮಾಡಿದೆ. ಈಗ 24 ಮತ್ತು 4 ಸೇರಿ 28. ಎಲ್ಲರೂ ಒಟ್ಟಿಗೆ ಕೊಡ ತಂದರೂ ನೀರು ಸಾಲುತ್ತದೆ.

ಇಲ್ಲಿ ಒಂದು ಅಡ್ಡದಾರಿ ಇದೆ, ಹಿಡಿಯಬೇಡಿ. ಓಓಎಂ ಅಂಕವನ್ನು ಕೈಯಿಂದ ಇಳಿಸಿ "ಈ ವಿಎಂ ಮುಟ್ಟಬೇಡ" ಅಂತ ಕರ್ನಲ್‌ಗೆ ಹೇಳಬಹುದು. ಕೇಳಲು ಚೆನ್ನಾಗಿದೆ. ಆದರೆ ರ್‍ಯಾಮ್ ಕೊರತೆ ಹಾಗೇ ಇರುತ್ತದಲ್ಲ. ಕರ್ನಲ್ ಇನ್ನೊಬ್ಬರನ್ನು ಕೊಲ್ಲುತ್ತದೆ. ಅದು ಪಕ್ಕದ ವಿಎಂ ಆಗಬಹುದು, ಇಲ್ಲವೇ ನೀವು ದೂರದಿಂದ ಲಾಗಿನ್ ಆಗಲು ಬಳಸುವ ಪ್ರೋಸೆಸ್ ಆಗಬಹುದು.

ಲ್ಯಾಪ್‌ಟಾಪ್‌ನಲ್ಲಿ ಕಲಿಯಲು ವಿಎಂ ಓಡಿಸುವ ವಿದ್ಯಾರ್ಥಿಗಳಿಗೂ ಇದೇ ಪಾಠ. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಗೆಸ್ಟ್‌ಗೆ 6 ಜಿಬಿ ಕೊಟ್ಟು, ಪಕ್ಕದಲ್ಲಿ ಬ್ರೌಸರ್‌ನ ಇಪ್ಪತ್ತು ಟ್ಯಾಬ್ ತೆರೆದರೆ ಯಾವ ಹೈಪರ್‌ವೈಸರ್ ಆದರೂ ಏನು ಮಾಡೀತು? ವರ್ಚುವಲ್‌ಬಾಕ್ಸ್‌ನಲ್ಲಿ ರ್‍ಯಾಮ್ ಕೊಡುವ ಪಟ್ಟಿಗೆ ಹಸಿರು, ಕೆಂಪು ಬಣ್ಣ ಹಾಕಿರುವುದು ಅಂದಕ್ಕಲ್ಲ. ಹಸಿರಿನೊಳಗೇ ಇರಿ.

ವರ್ಚುವಲ್‌ಬಾಕ್ಸ್ ಹೇಳುವ ಎರಡು ಮಾತು

ವರ್ಚುವಲ್‌ಬಾಕ್ಸ್ ಪಟ್ಟಿಯಲ್ಲಿ ವಿಎಂ ಹೆಸರಿನ ಕೆಳಗೆ "ಅಬಾರ್ಟೆಡ್" ಅಂತ ಬಂದಿದ್ದರೆ ಪ್ರೋಸೆಸ್ ಅರ್ಧಕ್ಕೇ ಸತ್ತಿದೆ ಅಂತ. ಫ್ಯೂಸ್. ಕಾರಣ ಹೋಸ್ಟ್‌ನಲ್ಲಿ ಹುಡುಕಿ.

"ಗುರು ಮೆಡಿಟೇಶನ್" ಅಂತ ಬಂದರೆ ಬೇರೆ ಕಥೆ. ಈ ಹೆಸರು 1980ರ ದಶಕದ ಅಮಿಗಾ ಕಂಪ್ಯೂಟರ್‌ನ ಎರರ್ ಸಂದೇಶದಿಂದ ಬಂದದ್ದು. ವಿಎಂ ಇನ್ನು ಒಂದು ಹೆಜ್ಜೆಯೂ ಮುಂದೆ ಹೋಗಲಾರದ ಸ್ಥಿತಿಗೆ ಬಂತು ಅಂತ ಅರ್ಥ. ಅದರ ಹಿಂದೆ ಆಗಾಗ ಕಾಣುವ ಕಾರಣ ಟ್ರಿಪಲ್ ಫಾಲ್ಟ್. ಸಿಪಿಯು ಒಂದು ತಪ್ಪಿಗೆ ಸಿಕ್ಕಿದಾಗ ಅದನ್ನು ನಿಭಾಯಿಸುವ ಕೋಡ್ ಅನ್ನು ಕರೆಯುತ್ತದೆ. ಆ ಕೋಡ್ ಅನ್ನೇ ತಲುಪಲು ಆಗದಿದ್ದರೆ ಅದು ಡಬಲ್ ಫಾಲ್ಟ್, ಅದಕ್ಕೆ ಇನ್ನೊಂದು ಕೋಡ್ ಇರುತ್ತದೆ. ಅಲ್ಲೂ ತಪ್ಪಾದರೆ ಸಿಪಿಯುಗೆ ಕರೆಯಲು ಯಾರೂ ಉಳಿದಿಲ್ಲ. ನಿಜವಾದ ಕಂಪ್ಯೂಟರ್ ಆಗಿದ್ದರೆ ಒಂದಕ್ಷರ ಹೇಳದೆ ಫಟ್ ಅಂತ ರೀಸ್ಟಾರ್ಟ್ ಆಗುತ್ತಿತ್ತು. ಇದು ಸಾಮಾನ್ಯವಾಗಿ ಗೆಸ್ಟ್‌ನ ಕರ್ನಲ್ ಅಥವಾ ಡ್ರೈವರ್ ಕೆಟ್ಟಾಗ, ಇಲ್ಲವೇ ಗೆಸ್ಟ್ ಕೇಳಿದ ಸಿಪಿಯು ಸೌಲಭ್ಯವನ್ನು ಹೈಪರ್‌ವೈಸರ್ ಸರಿಯಾಗಿ ಕೊಡದಿದ್ದಾಗ ಬರುತ್ತದೆ. ವರ್ಚುವಲ್‌ಬಾಕ್ಸ್ ಮತ್ತು ಗೆಸ್ಟ್ ಒಳಗಿನ ಗೆಸ್ಟ್ ಅಡಿಷನ್ಸ್ (ಗೆಸ್ಟ್‌ನಲ್ಲಿ ಹಾಕುವ ವರ್ಚುವಲ್‌ಬಾಕ್ಸ್‌ನ ಡ್ರೈವರ್‌ಗಳು) ಎರಡನ್ನೂ ಒಂದೇ ಆವೃತ್ತಿಗೆ ತಂದು, 3ಡಿ ಆಕ್ಸಲರೇಶನ್ ತೆಗೆದು ನೋಡಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಒಂದು ಮಾಡಿ, ಕಾದು ನೋಡಿ, ಆಮೇಲೆ ಇನ್ನೊಂದು. ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಎಂದಿಗೂ ಗೊತ್ತಾಗುವುದಿಲ್ಲ.

ವಿಂಡೋಸ್ ಹೋಸ್ಟ್ ಮೇಲೆ ವರ್ಚುವಲ್‌ಬಾಕ್ಸ್ ಓಡಿಸುವವರು ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆಯಾ ನೋಡಿ. ಇದ್ದರೆ ನಿಮ್ಮ ಮೆಷಿನ್‌ನಲ್ಲಿ ಹೈಪರ್-ವಿ ಆಗಲೇ ಕೂತಿದೆ. ಡಬ್ಲ್ಯೂಎಸ್ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿದಾಗ, ಅಥವಾ ವಿಂಡೋಸ್ ಸೆಕ್ಯುರಿಟಿಯಲ್ಲಿ ಮೆಮೊರಿ ಇಂಟೆಗ್ರಿಟಿ ಆನ್ ಇದ್ದಾಗ ಅದು ತಾನಾಗಿ ಬಂದಿರುತ್ತದೆ. ಸಿಪಿಯುವಿನ ವರ್ಚುವಲೈಸೇಶನ್ ಸೌಲಭ್ಯ ಅದರ ಕೈಯಲ್ಲಿರುವುದರಿಂದ ವರ್ಚುವಲ್‌ಬಾಕ್ಸ್ ಅದರ ಮೂಲಕ ಕೆಲಸ ಮಾಡಿಸಿಕೊಳ್ಳಬೇಕು. 6.0 ಆವೃತ್ತಿಯಿಂದ ಹೀಗೆ ಓಡುವ ದಾರಿ ಇದೆ, ಆದರೆ ನಿಧಾನ. ಕೆಲವು ಗೆಸ್ಟ್‌ಗಳು ಈ ದಾರಿಯಲ್ಲಿ ಪದೇ ಪದೇ ತೂಗಾಡಿ ಬೀಳುತ್ತವೆ. ಒಂದೋ ಹೈಪರ್-ವಿ ತೆಗೆಯಿರಿ, ಇಲ್ಲ ಆ ಗೆಸ್ಟ್ ಅನ್ನು ಹೈಪರ್-ವಿಯಲ್ಲೇ ಓಡಿಸಿ. ಮೆಮೊರಿ ಇಂಟೆಗ್ರಿಟಿ ಇರುವುದು ನಿಮ್ಮ ಸುರಕ್ಷತೆಗೆ. ಹಾಗಾಗಿ ದಿನಬಳಕೆಯ ಲ್ಯಾಪ್‌ಟಾಪ್ ಆದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಕಾಯಿಸಿ ಕಾಯಿಸಿ ಬೀಳುವುದು

ಹೋಸ್ಟ್‌ನಲ್ಲಿ 4 ಕೋರ್ ಇದ್ದು, ನಾಲ್ಕು ವಿಎಂಗಳಿಗೂ ತಲಾ 4 ಕೋರ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಎಲ್ಲರೂ ಒಟ್ಟಿಗೆ ಕೆಲಸಕ್ಕಿಳಿದರೆ ಸರದಿಯಲ್ಲಿ ನಿಲ್ಲಬೇಕು. ಗೆಸ್ಟ್‌ಗೆ ತಾನು ಸರದಿಯಲ್ಲಿದ್ದೇನೆ ಅಂತ ಗೊತ್ತಿಲ್ಲ. ತನ್ನ ಸಿಪಿಯು ಉತ್ತರ ಕೊಡುತ್ತಿಲ್ಲ ಅಂತಷ್ಟೇ ಕಾಣುತ್ತದೆ. ಲಿನಕ್ಸ್ ಗೆಸ್ಟ್ ಆಗ "ಸಾಫ್ಟ್ ಲಾಕಪ್, ಸಿಪಿಯು 22 ಸೆಕೆಂಡ್‌ನಿಂದ ಸಿಕ್ಕಿಹಾಕಿಕೊಂಡಿದೆ" ಅಂತ ಬರೆಯುತ್ತದೆ. ಡೀಫಾಲ್ಟ್ ಆಗಿ 20 ಸೆಕೆಂಡ್ ಅದರ ತಾಳ್ಮೆಯ ಮಿತಿ. ವಿಂಡೋಸ್ ಗೆಸ್ಟ್ "ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್" ಅಂತ ನೀಲಿ ಪರದೆ ಹಾಕಿಕೊಳ್ಳಬಹುದು. ನೋಡಲು ಬಲ್ಬ್ ಹೋದ ಹಾಗೆ, ಮೂಲ ಇರುವುದು ಮಾತ್ರ ಹೊರಗೆ.

ಲಿನಕ್ಸ್ ಗೆಸ್ಟ್ ಒಳಗೆ ಟಾಪ್ ಕಮಾಂಡ್ ಓಡಿಸಿ, ಸಿಪಿಯು ಸಾಲಿನ ಕೊನೆಯಲ್ಲಿರುವ "ಎಸ್‌ಟಿ" ಅಂಕಿ ನೋಡಿ. ಗೆಸ್ಟ್ ಓಡಲು ಸಿದ್ಧವಿದ್ದರೂ ಹೋಸ್ಟ್ ಬೇರೆಯವರಿಗೆ ಕೊಟ್ಟ ಸಮಯ ಅದು. ಅದು ಏರುತ್ತಲೇ ಇದ್ದರೆ ಕೋರ್ ಹಂಚಿಕೆ ಕಡಿಮೆ ಮಾಡಿ. ಎರಡು ಕೋರ್ ಸಾಕಾಗುವ ಕೆಲಸಕ್ಕೆ ನಾಲ್ಕು ಕೊಡುವುದರಿಂದ ಕೆಲಸ ಬೇಗ ಆಗುವುದಿಲ್ಲ, ಸರದಿ ಉದ್ದವಾಗುತ್ತದೆ.

ಮೆಷಿನ್ನೇ ಕೆಟ್ಟಿದ್ದರೆ

ದಿನವೂ ಬೇರೆ ಬೇರೆ ವಿಎಂ, ಬೇರೆ ಬೇರೆ ಹೊತ್ತು, ಬೇರೆ ಬೇರೆ ಎರರ್. ಒಂದಕ್ಕೊಂದು ತಾಳೆಯೇ ಇಲ್ಲ ಅನಿಸಿದಾಗ ರ್‍ಯಾಮ್ ಮೇಲೆ ಅನುಮಾನ ಪಡಿ. ಸಾಮಾನ್ಯ ಬಳಕೆಯಲ್ಲಿ ಯಾರೂ ಮುಟ್ಟದ ಮೂಲೆಯಲ್ಲಿ ಕೆಟ್ಟ ಚಿಪ್ ಇದ್ದರೆ ವರ್ಷಗಟ್ಟಲೆ ಗೊತ್ತಾಗದು. ದೊಡ್ಡ ವಿಎಂ ಹಾಕಿದಾಗ ಆ ಮೂಲೆಗೂ ಕೈ ಹೋಗುತ್ತದೆ. ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ ಒಂದು ರಾತ್ರಿ ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ್‍ಯಾಮ್ ನಂಬುವ ಹಾಗಿಲ್ಲ.

ಸಿಪಿಯು ಕೆಡುವುದು ಅಪರೂಪ. ಆದರೆ 2024ರಲ್ಲಿ ಅದೂ ದೊಡ್ಡ ಮಟ್ಟದಲ್ಲಿ ಆಯಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕಾರಣವಿಲ್ಲದೆ ಕ್ರ್ಯಾಶ್ ಆಗುತ್ತಿವೆ ಅಂತ ದೂರುಗಳು ಬಂದವು. ಚಿಪ್‌ಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿದೆ ಅಂತ ಕಂಪನಿ ಆ ಜುಲೈನಲ್ಲಿ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ 0ಎಕ್ಸ್129 ಅನ್ನುವ ಮೈಕ್ರೋಕೋಡ್ (ಚಿಪ್ ಒಳಗಿನ ಸೂಚನೆಗಳು) ಅಪ್‌ಡೇಟ್ ಬಂತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿದರು. ಆಗಲೇ ಸವೆದ ಚಿಪ್ ಅಪ್‌ಡೇಟ್‌ನಿಂದ ಮೊದಲಿನಂತಾಗುವುದಿಲ್ಲ. ಅಂಥ ಪ್ರೊಸೆಸರ್ ಮೇಲೆ ವಿಎಂ ಓಡಿಸುತ್ತಿದ್ದು ತಾಳೆಯಿಲ್ಲದ ಕ್ರ್ಯಾಶ್ ಬರುತ್ತಿದ್ದರೆ ಮೊದಲು ಬಯಾಸ್ (ಆ ಮೈಕ್ರೋಕೋಡ್ ಹೊತ್ತು ತರುವ ಮದರ್‌ಬೋರ್ಡ್‌ನ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದೆಯಾ ನೋಡಿ.

ಬಲ್ಬ್ ಹೋದಾಗ ವಿಎಂ ಇರುವುದೇ ಅನುಕೂಲ

ಗೆಸ್ಟ್ ಒಳಗಿನ ಕಾಯಿಲೆಗೆ 2024ರ ಜುಲೈ 19ಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಅವತ್ತು ನಮ್ಮ ಸಮಯ ಬೆಳಿಗ್ಗೆ 9:39ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿಯ ಸೆಕ್ಯುರಿಟಿ ಸಾಫ್ಟ್‌ವೇರ್‌ಗೆ ಒಂದು ಸಣ್ಣ ಫೈಲ್ ಹೋಯಿತು. ಆ ಫೈಲ್ 21 ಅಂಶ ಕೇಳುತ್ತಿತ್ತು, ಸಾಫ್ಟ್‌ವೇರ್ ಕೊಡುತ್ತಿದ್ದದ್ದು 20. ಇಪ್ಪತ್ತೊಂದನೆಯದನ್ನು ಹುಡುಕುತ್ತಾ ತನ್ನದಲ್ಲದ ಮೆಮೊರಿಗೆ ಕೈ ಹಾಕಿತು. ಅದು ಕರ್ನಲ್ ಒಳಗೆ ಓಡುವ ಡ್ರೈವರ್ ಆದ್ದರಿಂದ ವಿಂಡೋಸ್ ಇಡಿಯಾಗಿ ಬಿತ್ತು. ಎದ್ದ ತಕ್ಷಣ ಮತ್ತೆ ಅದೇ ಫೈಲ್, ಮತ್ತೆ ಬಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಮೆಷಿನ್‌ಗಳು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ನೆನಪಿರಬೇಕು.

ಕ್ಲೌಡ್‌ನಲ್ಲಿದ್ದ ವಿಂಡೋಸ್ ವಿಎಂಗಳೂ ಹಾಗೇ ಬೀಳುತ್ತಾ ಏಳುತ್ತಾ ಇದ್ದವು. ಹೈಪರ್‌ವೈಸರ್‌ಗೆ ಏನೂ ಆಗಿರಲಿಲ್ಲ. ಅವುಗಳನ್ನು ಎಬ್ಬಿಸಿದ ರೀತಿ ಕಲಿಯುವಂಥದ್ದು. ಬಿದ್ದ ವಿಎಂನ ಡಿಸ್ಕ್ ಬಿಡಿಸಿ, ಚೆನ್ನಾಗಿರುವ ಇನ್ನೊಂದು ವಿಎಂಗೆ ಎರಡನೇ ಡಿಸ್ಕ್ ಆಗಿ ಸಿಕ್ಕಿಸಿ, 291 ನಂಬರಿನ ಆ ಫೈಲ್ ಅಳಿಸಿ, ಮತ್ತೆ ಮೊದಲಿನ ಜಾಗಕ್ಕೆ ಜೋಡಿಸಿದರು. ವಿಎಂನ ಡಿಸ್ಕ್ ಅಂದರೆ ಒಂದು ಫೈಲ್ ಅಥವಾ ಒಂದು ವಾಲ್ಯೂಮ್ ಅಷ್ಟೇ. ಸ್ಕ್ರೂ ಬಿಚ್ಚುವ ಕೆಲಸವಿಲ್ಲ. ನಿಮ್ಮ ವಿಎಂ ಬೂಟ್ ಆಗುವಾಗಲೇ ಬೀಳುತ್ತಿದ್ದರೆ ಇದೇ ದಾರಿ ಹಿಡಿಯಿರಿ. ಮುಟ್ಟುವ ಮೊದಲು ಡಿಸ್ಕ್‌ನ ಕಾಪಿ ಇಟ್ಟುಕೊಳ್ಳಿ.

ಲಿನಕ್ಸ್ ಗೆಸ್ಟ್ ಪ್ಯಾನಿಕ್ ಆಗುವಾಗ ಕೊನೆಯ ಮಾತುಗಳು ಡಿಸ್ಕ್‌ಗೆ ಹೋಗುವ ಮೊದಲೇ ಎಲ್ಲ ನಿಂತಿರುತ್ತದೆ. ಅದಕ್ಕೆ ವಿಎಂಗೆ ಒಂದು ಸೀರಿಯಲ್ ಪೋರ್ಟ್ ಕೊಟ್ಟು, ಅದನ್ನು ಹೋಸ್ಟ್‌ನ ಒಂದು ಫೈಲ್‌ಗೆ ಜೋಡಿಸಿ, ಗೆಸ್ಟ್ ಕರ್ನಲ್‌ಗೆ ಕನ್ಸೋಲ್ ಅಲ್ಲಿದೆ ಅಂತ ಹೇಳಿ. ಸಾಯುವಾಗ ಹೇಳಿದ ಕೊನೆಯ ಸಾಲೂ ಹೋಸ್ಟ್‌ನಲ್ಲಿ ಉಳಿಯುತ್ತದೆ.

ಕ್ಲೌಡ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುವ ವಿಎಂ ತಗೊಂಡಿದ್ದರೆ ಒಂದು ಮಾತು. ಅಮೆಜಾನ್‌ನಲ್ಲಿ ಸ್ಪಾಟ್ ಅನ್ನುವ ಬಗೆಯದ್ದನ್ನು ಎರಡು ನಿಮಿಷ ಮೊದಲು ತಿಳಿಸಿ ವಾಪಸ್ ತಗೊಳ್ಳುತ್ತಾರೆ. ಅದು ಕ್ರ್ಯಾಶ್ ಅಲ್ಲ, ಕರಾರಿನಲ್ಲೇ ಇರುವುದು.

ಮೂರು ತಿಂಗಳ ಮೇಲೆ

ಅಕ್ಟೋಬರ್‌ನಲ್ಲಿ ಅದೇ ಆಫೀಸಿನಿಂದ ಮತ್ತೆ ಫೋನ್. "ಸಾರ್, ಮತ್ತೆ ಅದೇ ಪ್ರಾಬ್ಲಮ್. ವಿಂಡೋಸ್ ಕ್ರ್ಯಾಶ್." ನಾನು ಕೇಳಿದೆ: "ಉಳಿದ ಎರಡು ಓಡ್ತಾ ಇವೆಯಾ?" ಓಡ್ತಾ ಇದ್ದವು. "ವಿಂಡೋಸ್ ಎದುರು ಏನು ಬರೆದಿದೆ, ಹಾಗೇ ಓದಿ." ಆ ಹುಡುಗ ಓದಿದ: "ಐಒ ಎರರ್ ಅಂತಿದೆ ಸಾರ್. ಪಕ್ಕದಲ್ಲಿ ಹಳದಿ ಗುರುತು." "ಸ್ಟಾರ್ಟ್ ಒತ್ತಬೇಡಿ, ಆಫ್ ಕೂಡ ಮಾಡಬೇಡಿ" ಅಂದೆ.

ಈ ಸಲ ಯಾರೂ ಸತ್ತಿರಲಿಲ್ಲ. ವಿಎಂ ನಿಂತಿತ್ತು. ಅದರ ಡಿಸ್ಕ್ ಒಳಗಿನಿಂದ ನೋಡಿದರೆ 500 ಜಿಬಿ, ಅರ್ಧಕ್ಕರ್ಧ ಖಾಲಿ. ಆದರೆ ಹೋಸ್ಟ್‌ನಲ್ಲಿ ಅಷ್ಟು ಜಾಗವನ್ನು ಮೊದಲೇ ಕಟ್ಟಿಟ್ಟಿರಲಿಲ್ಲ, ಬರೆದಂತೆಲ್ಲ ಬೆಳೆಯುವ ಬಗೆ ಅದು. ಹೋಸ್ಟ್ ಡಿಸ್ಕ್ ತುಂಬಿದಾಗ ಕ್ಯೂಎಮು ಗೆಸ್ಟ್‌ಗೆ ಎರರ್ ಕೊಟ್ಟು ಡೇಟಾ ಕೆಡಿಸುವ ಬದಲು, ಬರೆಯಲು ಹೊರಟ ಆ ಗಳಿಗೆಯಲ್ಲೇ ವಿಎಂ ಅನ್ನು ತಡೆದು ನಿಲ್ಲಿಸುತ್ತದೆ. ಜಾಗ ಮಾಡಿಕೊಟ್ಟರೆ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಯುತ್ತದೆ. ಗಾಬರಿಯಲ್ಲಿ ಬಲವಂತವಾಗಿ ಆಫ್ ಮಾಡಿದ್ದರೆ ಅರ್ಧ ಬರೆದ ಫೈಲ್‌ಗಳು ಅಲ್ಲೇ ಕೆಡುತ್ತಿದ್ದವು.

ಜಾಗ ತಿಂದದ್ದು ಒಂದು ಸ್ನ್ಯಾಪ್‌ಶಾಟ್, ಅಂದರೆ ಬೇಕಾದಾಗ ಹಿಂದಿರುಗಲು ಡಿಸ್ಕ್‌ನ ಆ ಗಳಿಗೆಯ ಸ್ಥಿತಿಯನ್ನು ಹಿಡಿದಿಟ್ಟದ್ದು. ಜುಲೈನಲ್ಲಿ ಅಪ್‌ಡೇಟ್ ತೆಗೆದು ನೋಡುವ ಮೊದಲು ಯಾರೋ ತೆಗೆದಿಟ್ಟು ಮರೆತದ್ದು. ಸ್ನ್ಯಾಪ್‌ಶಾಟ್ ಇದ್ದಷ್ಟು ದಿನ, ಬದಲಾದ ಪ್ರತಿ ತುಣುಕಿನ ಹಳೆಯ ರೂಪವೂ ಡಿಸ್ಕ್‌ನಲ್ಲಿ ಉಳಿಯುತ್ತದೆ. ಮೂರು ತಿಂಗಳ ಬದಲಾವಣೆ ಸೇರಿ ಡಿಸ್ಕ್ ತುಂಬಿತ್ತು. ಜೆಡ್‌ಎಫ್‌ಎಸ್‌ನಲ್ಲಿ ಸ್ನ್ಯಾಪ್‌ಶಾಟ್ ಅಳಿಸಿದರೆ ಜಾಗ ಬೇಗ ವಾಪಸ್ ಬರುತ್ತದೆ. ವರ್ಚುವಲ್‌ಬಾಕ್ಸ್, ವಿಎಂವೇರ್‌ನಲ್ಲಿ ಹಾಗಲ್ಲ. ಅಲ್ಲಿ ಅಳಿಸುವುದು ಅಂದರೆ ಎರಡು ಫೈಲ್ ಬೆಸೆಯುವುದು, ಆ ಬೆಸುಗೆಗೇ ಇನ್ನಷ್ಟು ಖಾಲಿ ಜಾಗ ಬೇಕಾಗಬಹುದು. ಅದಕ್ಕೇ ಡಿಸ್ಕ್ ಪೂರ್ತಿ ತುಂಬುವ ತನಕ ಕಾಯಬಾರದು.

ಸ್ನ್ಯಾಪ್‌ಶಾಟ್ ಅಳಿಸಿ, ರೆಸ್ಯೂಮ್ ಒತ್ತಲು ಹೇಳಿದೆ. ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರೋ ಅರ್ಧ ಟೈಪ್ ಮಾಡಿದ್ದ ವೋಚರ್ ಹಾಗೇ ತೆರೆದಿತ್ತು, ಕರ್ಸರ್ ಮಿಟುಕುತ್ತಿತ್ತು.